ಶ್ರಾವಕನ ಸಂಚಯ: ತಿಂಗಳ ಕಂತು ಮತ್ತು ಪರಿಗ್ರಹ ಪರಿಮಾಣ

(ಹೈದರಾಬಾದಿನ ಅಬಿಡ್ಸ್‌ನಲ್ಲಿ ಜೈನ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಣದ ಕುರಿತು ಮಾತನಾಡಲು ಅಬಿಡ್ಸ್ ತಕ್ಕ ಸ್ಥಳ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿದ್ ಎಂಬ ಅರ್ಮೇನಿಯನ್ ಮೂಲದ ವರ್ತಕನ ಅಂಗಡಿಯಿಂದ ಈ ಪೇಟೆಗೆ ಹೆಸರು ಬಂದಿತು. ನಗರದ ಪ್ರಧಾನ ಅಂಚೆ ಕಚೇರಿ ಇಲ್ಲಿಯೇ ಇದೆ. ಕೂಗಳತೆಯ ದೂರದ ಗನ್‌ಫೌಂಡ್ರಿಯಲ್ಲಿ 1942ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕು ಬಾಗಿಲು ತೆರೆಯಿತು. ನಿಜಾಮರ ನಾಣ್ಯವಾದ ಉಸ್ಮಾನಿಯಾ ಸಿಕ್ಕಾದ ನಿರ್ವಹಣೆ ಆ ಬ್ಯಾಂಕಿನ ಹೊಣೆಯಾಗಿತ್ತು. ಇಂದು ಆ ನಾಣ್ಯ ಚಲಾವಣೆಯಲ್ಲಿಲ್ಲ. ಆ ಬ್ಯಾಂಕು ಸಹ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಸಂಪತ್ತಿನ ಅನಿತ್ಯತೆಯನ್ನು ಅರಿಯಲು ಈ ಬೀದಿಯಲ್ಲಿ ಒಮ್ಮೆ ನಡೆದುಹೋದರೆ ಸಾಕು.

ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಓದಿಗಾಗಿ, ನೌಕರಿಗಾಗಿ, ವ್ಯಾಪಾರಕ್ಕಾಗಿ ಕನ್ನಡಿಗರು ಅಂದು ತಮ್ಮ ರಾಜಧಾನಿಗೇ ಬಂದರು. ಪರಊರಿಗೆ ವಲಸೆ ಹೋದೆವೆಂಬ ಭಾವ ಅವರಿಗಿರಲಿಲ್ಲ. ಅವರಿಗಿಂತ ಸಾವಿರ ವರ್ಷ ಮೊದಲೇ ಕನ್ನಡದ ಜಿನಭಕ್ತರು ಈ ನೆಲದಲ್ಲಿ ಗುರುತು ಉಳಿಸಿದ್ದಾರೆ. ಕರೀಂನಗರದ ಕಡೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನು ಬರೆಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿದೆ. ಅಲ್ಲಿ ಜಿನಬಿಂಬ, ಬಸದಿಗಳ ಜೊತೆಗೆ ಕೆರೆಯ ಮಾತೂ ತೋಟದ ಮಾತೂ ಬರುತ್ತದೆ. ಕೆರೆ ಕಟ್ಟಿಸುವವನು ತನ್ನ ಬಾಯಾರಿಕೆಗಾಗಿ ಮಾತ್ರ ಕಟ್ಟಿಸುವುದಿಲ್ಲ. ಮುಂದಿನ ತಲೆಮಾರುಗಳ ಬೇಸಗೆಯನ್ನು ನೆನೆದು ಕಟ್ಟಿಸುತ್ತಾನೆ. ದೀರ್ಘಕಾಲದ ಉಳಿತಾಯದ ಹಿಂದಿರುವ ಬುದ್ಧಿಯೂ ಇದೇ.

ಜೈನರೆಂದರೆ ವರ್ತಕರು, ವರ್ತಕರೆಂದರೆ ಸಿರಿವಂತರು ಎಂಬ ಭಾವನೆ ಲೋಕದಲ್ಲಿದೆ. ಕನ್ನಡ ಜೈನ ಕುಟುಂಬಗಳ ವಸ್ತುಸ್ಥಿತಿ ಬೇರೆ. ಬೆಳಗಾವಿ, ಧಾರವಾಡಗಳ ಕಡೆಯ ಬೇಸಾಯಗಾರರು, ತುಳುನಾಡಿನ ಇಂದ್ರರು, ಉಪಾಧ್ಯೆಯರು, ಶಾಲಾ ಶಿಕ್ಷಕರು, ಖಾಸಗಿ ಕಂಪನಿಯ ಗುಮಾಸ್ತರು, ಚಿಲ್ಲರೆ ಅಂಗಡಿಯವರು ಈ ಸಮಾಜದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರಲ್ಲಿ ಪಿಂಚಣಿಯ ಭರವಸೆ ಇರುವವರು ಕಡಿಮೆ. ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ, ಕರ್ನಾಟಕ ಸರ್ಕಾರವು 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇರಿದ ನೌಕರರಿಗೆ ಹಳೆಯ ಪಿಂಚಣಿಯನ್ನು ನಿಲ್ಲಿಸಿದವು. ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ 80ಸಿ ಕಲಮಿನ ಉಳಿತಾಯ ರಿಯಾಯಿತಿಯೂ ಇಲ್ಲ. ಮುಪ್ಪಿನ ಹೊರೆಯನ್ನು ಪ್ರಜೆಯ ಹೆಗಲಿಗೆ ವರ್ಗಾಯಿಸಿದ ಪ್ರಭುತ್ವವು ಉಳಿಸಲು ನೀಡುತ್ತಿದ್ದ ಉತ್ತೇಜನವನ್ನೂ ಹಿಂತೆಗೆದುಕೊಳ್ಳುತ್ತಿದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಮತದಾರರು ಇದನ್ನು ಪ್ರಶ್ನಿಸಬೇಕು. ಆದರೆ ಉತ್ತರ ಬರುವವರೆಗೆ ವಯಸ್ಸು ಕಾಯುವುದಿಲ್ಲ.

ಈ ಹಂತದಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಅಪರಿಗ್ರಹವನ್ನು ಬೋಧಿಸುವ ಧರ್ಮದವರು ಮೂವತ್ತು ವರ್ಷ ಹಣ ಕೂಡಿಡುವುದು ಸರಿಯೇ? ಹಿರಿಯರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತಾರೆ. ಅದನ್ನು ನಗೆಯಾಡಿ ತಳ್ಳಿಹಾಕಬಾರದು. ತತ್ತ್ವಾರ್ಥಸೂತ್ರವು ಮೂರ್ಛೆಯನ್ನು, ಎಂದರೆ ವಸ್ತುವಿನ ಮೇಲಿನ ಮಮಕಾರವನ್ನು, ಪರಿಗ್ರಹವೆಂದು ಹೇಳುತ್ತದೆ. ಮುನಿಗೆ ಸರ್ವಸಂಗ ಪರಿತ್ಯಾಗವಾದರೆ, ಶ್ರಾವಕನಿಗೆ ವಿಧಿಸಿದ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಪರಿಮಾಣವೆಂದರೆ ಅಳತೆ. ತನಗೆ ಎಷ್ಟು ಬೇಕೆಂಬುದನ್ನು ಎಣಿಸಿ, ಅದಕ್ಕೊಂದು ಮೇರೆ ಹಾಕಿ, ಮೇರೆ ಮೀರಿದ್ದನ್ನು ದಾನಕ್ಕೆ ಬಿಡುವವನೇ ವ್ರತಿ. ಲೆಕ್ಕವನ್ನೇ ಇಡದವನು ಮೇರೆಯನ್ನು ಎಲ್ಲಿ ಹಾಕಿಯಾನು? ಮಕ್ಕಳ ಓದಿಗೆ ಇಷ್ಟು, ಔಷಧಕ್ಕೆ ಇಷ್ಟು, ಮುಪ್ಪಿಗೆ ಇಷ್ಟು ಎಂದು ಬರೆದಿಟ್ಟು ಆ ಗುರಿಗೆ ತಿಂಗಳುತಿಂಗಳು ಹಣ ಕಟ್ಟುವ ಗೃಹಸ್ಥನು ವ್ರತಕ್ಕೆ ಹತ್ತಿರವಾಗಿಯೇ ನಡೆಯುತ್ತಿದ್ದಾನೆ. ಬಂದದ್ದನ್ನೆಲ್ಲ ಮದುವೆಯ ಆಡಂಬರಕ್ಕೆ ಸುರಿದು, ಅರವತ್ತರ ನಂತರ ಮಕ್ಕಳ ಮುಖ ನೋಡುವ ಸ್ಥಿತಿಯನ್ನು ಅಪರಿಗ್ರಹವೆಂದು ಕರೆಯಲಾಗದು.

ಚಿಕ್ಕ ಮೊತ್ತವನ್ನು ಕ್ರಮ ತಪ್ಪದೆ ಕೂಡಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದನು. ಮೀನು ಮಾರುವವಳಿಗೂ ಕೂಲಿಯವನಿಗೂ ಬ್ಯಾಂಕಿನ ಪಾಸ್‌ಬುಕ್ ಕೈಗೆ ಬಂದದ್ದು ಹಾಗೆ. ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ದೇಶದಾದ್ಯಂತ ಹರಡಿದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಕನ್ನಡಿಗರ ನಾಲಿಗೆಯಲ್ಲಿ ಇನ್ನೂ ಉಳಿದಿದೆ. ಹಣ ಕೈಯಲ್ಲಿ ಉಳಿದ ಮೇಲೆ ಕೂಡಿಡುವುದಲ್ಲ, ಕೂಡಿಟ್ಟ ಮೇಲೆ ಉಳಿದುದರಲ್ಲಿ ಬಾಳುವುದು ಎಂಬುದೇ ಪಿಗ್ಮಿ ಕಲಿಸಿದ ಪಾಠ.

ಇಂದು ಸಿಪ್ ಎಂದು ಕರೆಯುವ ಮ್ಯೂಚುವಲ್ ಫಂಡಿನ ಮಾಸಿಕ ಕಂತು ಅದರ ಮೊಮ್ಮಗು. ಭೇದವಿರುವುದು ಹಣ ಹೋಗುವ ಜಾಗದಲ್ಲಿ. ಪಿಗ್ಮಿಯ ಹಣ ಬ್ಯಾಂಕಿನ ಠೇವಣಿ. ಬಡ್ಡಿ ನಿಗದಿಯಾಗಿರುತ್ತದೆ, ಅಸಲಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯೂ ಇದೆ. ಷೇರು ಫಂಡಿನ ಕಂತಿನ ಹಣ ಹಲವಾರು ಕಂಪನಿಗಳ ಒಡೆತನದ ಚೂರುಗಳಾಗುತ್ತದೆ. ಏರಿದರೆ ಲಾಭ, ಇಳಿದರೆ ನಷ್ಟ, ಭರವಸೆ ಯಾರದೂ ಇಲ್ಲ.

ಲೆಕ್ಕವನ್ನು ನೋಡಬಹುದು. ತಿಂಗಳಿಗೆ 1,000 ರೂಪಾಯಿ ಕಟ್ಟುತ್ತ ಬಂದು, ವರ್ಷಕ್ಕೆ ಶೇ. 10ರಂತೆ ಬೆಳೆಯಿತೆಂದು ಊಹಿಸಿದರೆ, 10 ವರ್ಷಕ್ಕೆ ಕಟ್ಟಿದ್ದು 1.2 ಲಕ್ಷ, ಆಗುವುದು ಸುಮಾರು 2.05 ಲಕ್ಷ. 20 ವರ್ಷಕ್ಕೆ ಕಟ್ಟಿದ್ದು 2.4 ಲಕ್ಷ, ಆಗುವುದು ಸುಮಾರು 7.6 ಲಕ್ಷ. 30 ವರ್ಷಕ್ಕೆ ಕಟ್ಟಿದ್ದು 3.6 ಲಕ್ಷ, ಆಗುವುದು ಸುಮಾರು 22.6 ಲಕ್ಷ. ಕೊನೆಯ ಹತ್ತು ವರ್ಷಗಳಲ್ಲಿ ಸೇರಿದ ಹಣ ಮೊದಲ ಇಪ್ಪತ್ತು ವರ್ಷಗಳಲ್ಲಿ ಸೇರಿದ್ದರ ಸುಮಾರು ಎರಡು ಪಟ್ಟು. ಇಪ್ಪತ್ತೈದರ ಯುವಕನಿಗೆ "ಈಗ ಸಂಬಳ ಕಡಿಮೆ, ಮುಂದೆ ನೋಡೋಣ" ಎನ್ನಿಸುವುದು ಸಹಜ. ಆದರೆ ಅವನ ಬಳಿ ಇರುವ ದೊಡ್ಡ ಆಸ್ತಿ ಸಂಬಳವಲ್ಲ, ಮುಂದಿರುವ ವರ್ಷಗಳು.

ಏಜೆಂಟರು ಸಾಮಾನ್ಯವಾಗಿ ಮಾತನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಸತ್ಯಾಣುವ್ರತವುಳ್ಳವರು ಇನ್ನೊಂದು ಸಾಲನ್ನೂ ಹೇಳಬೇಕು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, 30 ವರ್ಷಗಳ ನಂತರದ ಆ 22.6 ಲಕ್ಷಕ್ಕೆ ಇಂದಿನ ಲೆಕ್ಕದಲ್ಲಿ ಸುಮಾರು 4 ಲಕ್ಷದ ಕೊಳ್ಳುವ ಶಕ್ತಿ ಮಾತ್ರ ಇರುತ್ತದೆ. ಆದುದರಿಂದ ಕಂತು 1,000ದಲ್ಲಿಯೇ ನಿಲ್ಲಬಾರದು. ಸಂಬಳ ಏರಿದಂತೆ ವರ್ಷಕ್ಕೆ ಶೇ. 10ರಷ್ಟು ಕಂತನ್ನೂ ಏರಿಸಿದರೆ ಅದೇ ಊಹೆಯಲ್ಲಿ ಮೊತ್ತ ಸುಮಾರು 63 ಲಕ್ಷ ಮುಟ್ಟುತ್ತದೆ. ಇಂದಿನ ಬೆಲೆಯಲ್ಲಿ ಅದು 11 ಲಕ್ಷದಷ್ಟು. ಮೂವತ್ತನೆಯ ವರ್ಷದ ಕಂತು ಆಗ ಸುಮಾರು 15,900 ರೂಪಾಯಿ ಆಗಿರುತ್ತದೆ. ಸಾವಿರ ರೂಪಾಯಿ ಆರಂಭಕ್ಕೆ ಸಾಕು, ಜೀವನಕ್ಕೆ ಸಾಲದು ಎಂಬುದನ್ನು ಮರೆಯಬಾರದು.

ಇಳಿತದ ಕಾಲದಲ್ಲಿ ಕಂತು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ಒಂದು ಯೂನಿಟ್ಟಿನ ಬೆಲೆ ಮೊದಲ ತಿಂಗಳು 100, ಎರಡನೆಯ ತಿಂಗಳು 50, ಮೂರನೆಯ ತಿಂಗಳು 80 ರೂಪಾಯಿ ಎಂದಿರಲಿ. ಪ್ರತಿ ತಿಂಗಳು 1,000 ಕಟ್ಟಿದವರಿಗೆ 10, 20, 12.5 ಎಂದು ಒಟ್ಟು 42.5 ಯೂನಿಟ್ಟುಗಳು ದೊರೆತು, 3,000 ರೂಪಾಯಿ 3,400 ಆಗುತ್ತದೆ. ಮೊದಲ ತಿಂಗಳೇ 3,000 ಹಾಕಿದವರ ಕೈಯಲ್ಲಿ ಉಳಿಯುವುದು 2,400. ಬೆಲೆ ಏರುತ್ತಲೇ ಹೋದರೆ ಫಲ ಇದರ ವಿರುದ್ಧವಾಗುತ್ತದೆ ಎಂಬುದೂ ನಿಜ. ಆದರೆ ತಿಂಗಳ ಸಂಬಳದವರ ಬಳಿ ಇಡುಗಂಟು ಇರುವುದಿಲ್ಲ. ಅವರಿಗೆ ಕಂತೇ ಸಹಜ ಮಾರ್ಗ.

ಮುಂಬಯಿಯ ಸೆನ್ಸೆಕ್ಸ್ ಸೂಚ್ಯಂಕವು 2008ರ ಜನವರಿಯಲ್ಲಿ 20,000 ದಾಟಿತ್ತು. 2009ರ ಮಾರ್ಚ್‌ನಲ್ಲಿ 8,000ದ ಆಸುಪಾಸಿಗೆ ಬಿದ್ದಿತು. 2020ರ ಆರಂಭದಲ್ಲಿ 42,000ದ ಬಳಿ ಇದ್ದದ್ದು ಕೊರೊನಾ ಬಂದ ಮಾರ್ಚ್‌ನಲ್ಲಿ 26,000ಕ್ಕಿಂತ ಕೆಳಗಿಳಿಯಿತು. ಎರಡು ಸಲವೂ ಅದು ಮರಳಿ ಏರಿತು. ಆದರೆ ಹಾಗೆ ಏರಿದ್ದು ನೆಚ್ಚಿಕೆಯ ಪ್ರಮಾಣಪತ್ರವೇನೂ ಅಲ್ಲ. ಜಪಾನಿನ ನಿಕ್ಕಿ ಸೂಚ್ಯಂಕವು 1989ರ ಡಿಸೆಂಬರ್‌ನ ಎತ್ತರವನ್ನು ಮತ್ತೆ ದಾಟಲು 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಆದಕಾರಣ ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರು ಫಂಡಿನಲ್ಲಿ ಇಡಬಾರದು. ಮಗಳ ಕಾಲೇಜು ಹತ್ತಿರ ಬಂದಂತೆ, ನಿವೃತ್ತಿ ಹತ್ತಿರ ಬಂದಂತೆ ಸ್ವಲ್ಪಸ್ವಲ್ಪವಾಗಿ ಠೇವಣಿಗೆ ಬದಲಿಸುತ್ತ ಬರಬೇಕು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಇಡದಿರುವುದು ವಿವೇಕ.

ಆರಂಭಕ್ಕೆ ಮುನ್ನ ಮೂರು ಕೆಲಸಗಳಿವೆ. ಮೊದಲನೆಯದು, ಹೆಚ್ಚು ಬಡ್ಡಿಯ ಸಾಲ ತೀರಿಸುವುದು. ಕ್ರೆಡಿಟ್ ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 36ರ ಆಚೀಚೆ ಬಡ್ಡಿ ತೆರುತ್ತ ಶೇ. 10ರ ಆಸೆಗೆ ಹೂಡುವುದು ತೂತು ಮಡಕೆಗೆ ನೀರು ತುಂಬಿದಂತೆ. ಎರಡನೆಯದು, ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಬೇಕೆಂದಾಗ ಸಿಗುವಂತೆ ಇಡುವುದು. ಮೂರನೆಯದು, ದುಡಿಯುವವರ ಹೆಸರಿನಲ್ಲಿ ಟರ್ಮ್ ವಿಮೆ, ಮನೆಯವರೆಲ್ಲರಿಗೂ ಆರೋಗ್ಯ ವಿಮೆ. ಇವು ಮೂರೂ ಆಗದೆ ಆರಂಭಿಸಿದ ಕಂತು ಮೊದಲ ಆಸ್ಪತ್ರೆಯ ಬಿಲ್ಲಿಗೇ ಮುರಿದುಬೀಳುತ್ತದೆ.

ಷೇರಿನ ಏರಿಳಿತವನ್ನು ಮನಸ್ಸು ಒಪ್ಪದವರಿಗೆ ಈ ಅಬಿಡ್ಸ್ ಅಂಚೆ ಕಚೇರಿಯಲ್ಲಿಯೇ ದಾರಿಗಳಿವೆ. ಅಂಚೆಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಆರಂಭವಾಗಿ ಐದು ವರ್ಷ ನಡೆಯುತ್ತದೆ. ಪಿಪಿಎಫ್ ಖಾತೆ 15 ವರ್ಷದ್ದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿ ಕಟ್ಟಬಹುದು. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 7.1ಕ್ಕೆ ಇಳಿಯಿತು. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು ವರ್ಷಕ್ಕೆ 250 ರೂಪಾಯಿಯಿಂದಲೂ ಆರಂಭಿಸಬಹುದು; 15 ವರ್ಷ ಕಟ್ಟಿದರೆ 21ನೆಯ ವರ್ಷಕ್ಕೆ ಮುಕ್ತಾಯ. ಈ ಬಡ್ಡಿ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುವುದರಿಂದ ಖಾತೆ ತೆರೆಯುವಾಗ ಕೇಳಿ ತಿಳಿಯಬೇಕು. ವಿದೇಶದಲ್ಲಿ ನೆಲೆಸಿದ ಬಂಧುಗಳು ಹೊಸ ಪಿಪಿಎಫ್ ಖಾತೆ ತೆರೆಯುವಂತಿಲ್ಲ. ಅವರು ಮೊದಲು ತಾವಿರುವ ದೇಶದಲ್ಲಿ ಉದ್ಯೋಗದಾತರು ಪಾಲು ಸೇರಿಸುವ ನಿವೃತ್ತಿ ನಿಧಿ ಇದ್ದರೆ ಅದನ್ನು ಪೂರ್ತಿಯಾಗಿ ಬಳಸಿಕೊಳ್ಳುವುದು ಲೇಸು.

ಫಂಡನ್ನು ಆಯುವಾಗ ಕಳೆದ ವರ್ಷದ ಲಾಭಕ್ಕಿಂತ ಮೊದಲು ನೋಡಬೇಕಾದುದು ವೆಚ್ಚ. 2013ರ ಜನವರಿಯಿಂದ ಪ್ರತಿ ಫಂಡಿನಲ್ಲೂ ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ವರ್ಷಕ್ಕೆ ಶೇ. 1ರ ವೆಚ್ಚ ಅಲ್ಪವೆನಿಸಬಹುದು. ಆದರೆ ಮೇಲಿನ ಲೆಕ್ಕದಲ್ಲಿ ಶೇ. 10ರ ಬದಲು ಶೇ. 9 ದೊರೆತರೆ 30 ವರ್ಷಕ್ಕೆ 22.6 ಲಕ್ಷದ ಬದಲು 18.3 ಲಕ್ಷ ಮಾತ್ರ. ಕಟ್ಟಿದ ಒಟ್ಟು ಹಣ 3.6 ಲಕ್ಷ, ಆ ಒಂದು ಶೇಕಡಾ ನುಂಗಿದ್ದು 4.3 ಲಕ್ಷ.

ಸಪ್ತ ವ್ಯಸನಗಳ ಪಟ್ಟಿಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಬಸದಿಯಲ್ಲಿ ಆ ಪಾಠ ಕೇಳಿದ ಯುವಕರೇ ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡುತ್ತಿರುವುದು ಗುಟ್ಟಿನ ಸಂಗತಿಯಲ್ಲ. ಸೆಬಿ ಸಂಸ್ಥೆಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತ್ತು. ಕಂಪನಿಯೊಂದರ ಪಾಲನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವುದು ವ್ಯಾಪಾರದ ಪಾಲುದಾರಿಕೆ. ಗುರುವಾರದೊಳಗೆ ಬೆಲೆ ಏರುವುದೋ ಇಳಿಯುವುದೋ ಎಂದು ಪಣ ಕಟ್ಟುವುದು ದ್ಯೂತ. ಎರಡೂ ಒಂದೇ ಆ್ಯಪ್‌ನಲ್ಲಿ ದೊರೆಯುತ್ತವೆ ಎಂಬ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ. ಹಾಗೆಯೇ ನೋಂದಣಿಯಿಲ್ಲದ ಚೀಟಿ, ತಿಂಗಳಿಗೆ ಶೇ. 3 ಕೊಡುತ್ತೇವೆ ಎನ್ನುವ ಪರಿಚಿತರ ಕೈಸಾಲ, ಇವುಗಳ ಬಳಿಗೂ ಸುಳಿಯಬಾರದು. ಸಾಧರ್ಮಿ ಎಂಬ ನಂಟು ರಸೀದಿಗೆ ಬದಲಿಯಲ್ಲ.

ಇನ್ನು ಅಹಿಂಸೆಯ ಪ್ರಶ್ನೆ. ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಫಂಡು ಅಗ್ಗವೂ ಸರಳವೂ ಹೌದು. ಆದರೆ ಅದರೊಳಗೆ ಸಿಗರೇಟಿನ ವ್ಯಾಪಾರವುಳ್ಳ ಕಂಪನಿಯೂ ಇದೆ. ಮದ್ಯದ ಕಂಪನಿಗಳ ಷೇರು ಹೊಂದಿದ ಫಂಡುಗಳು ಹಲವು. ವಿಷವಾಣಿಜ್ಯ, ರಸವಾಣಿಜ್ಯ ಮೊದಲಾದ ಹದಿನೈದು ಕರ್ಮಾದಾನಗಳನ್ನು ಶ್ರಾವಕಾಚಾರವು ವರ್ಜ್ಯವೆಂದಿದೆ. ಕಂದಮೂಲವನ್ನೂ ತ್ಯಜಿಸಿದ ಮನೆಯವರು ತಮಗರಿವಿಲ್ಲದೆ ಕಸಾಯಿಖಾನೆಯ ಪಾಲುದಾರರಾಗಬಹುದೆಂಬ ಶಂಕೆ ನಿರಾಧಾರವಲ್ಲ. ಫಂಡುಗಳು ತಮ್ಮಲ್ಲಿರುವ ಷೇರುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂಬ ನಿಯಮವಿದೆ. ಓದಿ ಆಯ್ದುಕೊಳ್ಳುವ ಹಕ್ಕು ಹೂಡಿಕೆದಾರನಿಗಿದೆ. ಮುಸ್ಲಿಂ ಬಂಧುಗಳ ನಂಬಿಕೆಗೆ ತಕ್ಕಂತೆ ನಿಫ್ಟಿ 50 ಷರಿಯಾ ಸೂಚ್ಯಂಕವಿದೆ, ಅದೇ ನಿಯಮದ ಫಂಡುಗಳೂ ಇವೆ. 2008ರಲ್ಲಿ ಡೋ ಜೋನ್ಸ್ ಸಂಸ್ಥೆಯು ಭಾರತೀಯ ಧರ್ಮಗಳ ಮೌಲ್ಯಕ್ಕೆ ಅನುಗುಣವಾಗಿ ಧರ್ಮ ಸೂಚ್ಯಂಕಗಳನ್ನು ಹೊರತಂದಿತ್ತು. ಷೇರುಪೇಟೆಯಲ್ಲಿ ಇಷ್ಟೊಂದು ಹೆಸರುಳ್ಳ ಜೈನ ಸಮಾಜವು ಅಹಿಂಸೆಯ ಒರೆಗಲ್ಲಿಗೆ ಹಚ್ಚಿದ, ಸಾಮಾನ್ಯನ ಕೈಗೆಟಕುವ, ಕಡಿಮೆ ವೆಚ್ಚದ ಸೂಚ್ಯಂಕ ಫಂಡೊಂದನ್ನು ಒಕ್ಕೊರಲಿನಿಂದ ಕೇಳಬೇಕು. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆಯನ್ನು ಕೇಳಿ ಪಡೆದ ಸಮಾಜಕ್ಕೆ ಇದನ್ನು ಕೇಳುವ ದನಿ ಇಲ್ಲವೇ?

ಕೊನೆಯದು ಮನೆಯೊಳಗಿನ ಸುಧಾರಣೆ. ಬಹಳಷ್ಟು ಮನೆಗಳಲ್ಲಿ ಹೂಡಿಕೆಯೆಲ್ಲ ಯಜಮಾನನ ಹೆಸರಿನಲ್ಲಿ, ವಿವರವೆಲ್ಲ ಅವನ ನೆನಪಿನಲ್ಲಿ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತವೆ. ಅವನ್ನು ಹುಡುಕಲೆಂದೇ ಆ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆಯಬೇಕಾಯಿತು. ಗಂಡನ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ತಿಳಿಯದ ವಿಧವೆಗೆ ಸಮಾಜದ ಸಾಂತ್ವನದಿಂದ ಹೊಟ್ಟೆ ತುಂಬುವುದಿಲ್ಲ. ಪತ್ನಿಯ ಹೆಸರಿನಲ್ಲಿ ಅವಳೇ ನಡೆಸುವ ಖಾತೆ ಮತ್ತು ಕಂತು ಇರಲಿ. ಎಲ್ಲ ಖಾತೆಗೂ ನಾಮಿನಿ ಬರೆಸಿರಲಿ. ನಾಮಿನಿ ಹಣ ಪಡೆಯಬಲ್ಲನೇ ಹೊರತು ಅಷ್ಟರಿಂದಲೇ ಒಡೆಯನಾಗುವುದಿಲ್ಲವೆಂದು ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿರುವುದರಿಂದ ಉಯಿಲೂ ಬೇಕು. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ 2005ರ ಉತ್ತರಾಧಿಕಾರ ತಿದ್ದುಪಡಿ ಜೈನರಿಗೂ ಅನ್ವಯಿಸುತ್ತದೆ ಎಂಬುದನ್ನು ಉಯಿಲು ಬರೆಯುವಾಗ ನೆನೆಯಬೇಕು.

ಬಸದಿಗಳ ಆಡಳಿತ ಸಮಿತಿಗಳೂ ತಮ್ಮ ಪಾಲು ಸಲ್ಲಿಸಬಹುದು. ಅಭಿಷೇಕದ ಸವಾಲಿನಲ್ಲಿ ಕೂಗುವ ಮೊತ್ತದ ಒಂದಂಶವನ್ನು ಬಡ ಸಾಧರ್ಮಿಗಳ ಮಕ್ಕಳ ಹೆಸರಿನಲ್ಲಿ ಮೊದಲ ವರ್ಷದ ಕಂತಾಗಿ ಕಟ್ಟಿದರೆ ಅದು ಶಾಸ್ತ್ರ ಹೇಳುವ ಅಭಯದಾನಕ್ಕೆ ಹತ್ತಿರದ ಪುಣ್ಯವೇ ಆದೀತು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಸಂಜೆಯನ್ನು ಮನೆಯ ಲೆಕ್ಕಕ್ಕೆ ಮೀಸಲಿಟ್ಟು, ಇರುವುದೆಷ್ಟು, ಬೇಕಾದುದೆಷ್ಟು, ಮೇರೆ ಎಲ್ಲಿ ಎಂದು ಗಂಡಹೆಂಡಿರು, ಬೆಳೆದ ಮಕ್ಕಳು ಒಟ್ಟಿಗೆ ಕುಳಿತು ಬರೆಯಲಿ. ಆ ಕಾಗದದ ಕೊನೆಯ ಸಾಲಿನಲ್ಲಿ ಈ ತಿಂಗಳ ಕಂತಿನ ಮೊತ್ತವೂ ಅದು ಕಟ್ಟುವ ತಾರೀಕೂ ಇರಲಿ. ಸಂಬಳ ಬಂದ ಮರುದಿನದ ತಾರೀಕಾದರೆ ಇನ್ನೂ ಒಳಿತು.